ವೈದ್ಯಗುರು ಓಸ್ಲರ್

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ವೈದ್ಯನೆನಿಸಿಕೊಳ್ಳುವುದು ಅಷ್ಟೇನೂ ಕಷ್ಟದ ಕೆಲಸವಾಗಿರಲಿಲ್ಲ. ಶುಲ್ಕ ತೆರಬಲ್ಲ ತರುಣನು ಯಾವುದಾದರೊಂದು ವೈದ್ಯಶಾಲೆಯನ್ನು ಸೇರಿ ಕೆಲವು ತಿಂಗಳ ಕಾಲ ಉಪನ್ಯಾಸಗಳನ್ನು ಕೇಳುತ್ತಿದ್ದನು. ಮರುವರ್ಷ ಬಹುಮಟ್ಟಿಗೆ ಅವೇ ಉಪನ್ಯಾಸಗಳನ್ನು ಮತ್ತೊಮ್ಮೆ ಕೇಳುತ್ತಿದ್ದನು. ಪರೀಕ್ಷಕರ ಪ್ರಶ್ನೆಗಳಿಗೆ ಕಂಠಪಾಠದ ಉತ್ತರವನ್ನೊಪ್ಪಿಸಿದರೆ ಪದವಿ ಅವನದಾಗುತ್ತಿತ್ತು. ಒಂದು ಮಗುವಿನ ಎದೆಗೆ ಕಿವಿಗೊಡದೆ, ಜ್ವರಪೀಡಿತನೊಬ್ಬನ ನಾಡಿಯನ್ನು ಹಿಡಿದು ನೋಡದೆ, ಅವನು ಊರಿಗೆ ಹೋಗಿ ಬಾಗಿಲಿಗೆ ವೈದ್ಯನೆಂಬ ಫಲಕವನ್ನು ತೂಗಿಹಾಕಬಹುದಾಗಿತ್ತು. ಅವನಿಗೆ ಮೊದಲ ನಿಜವಾದ ಪಾಠ ದೊರೆಯುತ್ತಿದ್ದುದು ಮೊದಲ ರೋಗಿಯ ಮೇಲೆ. ಆ ಪಾಠಕ್ಕೆ ಬೆಲೆ ತೆರುತ್ತಿದ್ದವನು ಮಾತ್ರ ರೋಗಿ.

ಈ ಅನ್ಯಾಯವನ್ನು ಕಂಡು ಕೊರಗಿದವರು ಅನೇಕರು. ಅದನ್ನು ಸರಿಪಡಿಸುವ ದಾರಿಯನ್ನು ತಮ್ಮ ದಿನನಿತ್ಯದ ಬೋಧನೆಯಿಂದಲೇ ತೋರಿಸಿಕೊಟ್ಟವರು ವಿಲಿಯಂ ಓಸ್ಲರ್.

ಓಸ್ಲರ್ 1849ರ ಜುಲೈ 12ರಂದು ಕೆನಡಾ ದೇಶದ ಬಾಂಡ್ ಹೆಡ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಫೆದರ್‌ಸ್ಟೋನ್ ಓಸ್ಲರ್ ಇಂಗ್ಲೆಂಡಿನಿಂದ ಬಂದು ಕಾಡುಸೀಮೆಯಲ್ಲಿ ನೆಲೆಸಿದ ಪಾದ್ರಿ. ಮಗನೂ ತಮ್ಮಂತೆಯೇ ಧರ್ಮಸೇವೆಗೆ ನಿಲ್ಲಲಿ ಎಂಬುದು ಮನೆಯವರ ಅಪೇಕ್ಷೆ. ಬಾಲಕನಾದರೋ ತುಂಟರಲ್ಲಿ ತುಂಟ. ಉಪಾಧ್ಯಾಯರೊಬ್ಬರ ಕೋಣೆಯ ಬೀಗದ ಕಂಡಿಗೆ ಬಾಯಿಟ್ಟು ಹೀಯಾಳಿಸಿದನೆಂದು ಅವನನ್ನು ಶಾಲೆಯಿಂದ ಹೊರಹಾಕಿದುದೂ ಉಂಟು. ಈ ಪರಿಹಾಸ್ಯ ಸ್ವಭಾವ ಅವರನ್ನು ಮುಪ್ಪಿನವರೆಗೂ ಬಿಡಲಿಲ್ಲ. ದೊಡ್ಡ ಪ್ರಾಧ್ಯಾಪಕರಾದ ಮೇಲೂ ಸುಳ್ಳು ಹೆಸರಿನಲ್ಲಿ ಕಪೋಲಕಲ್ಪಿತ ವೈದ್ಯಲೇಖನಗಳನ್ನು ಬರೆದು ಪತ್ರಿಕೆಯ ಸಂಪಾದಕರನ್ನು ಏಮಾರಿಸಿದ್ದರು!

ಮುಂದೆ ಸೇರಿದ ಶಾಲೆಯಲ್ಲಿ ಅವರಿಗೆ ಜಾನ್ಸನ್ ಎಂಬ ಪಾದ್ರಿ ಗುರುಗಳಾಗಿ ದೊರೆತರು. ಅವರು ಹುಡುಗರನ್ನು ಕಾಡುಮೇಡುಗಳಲ್ಲಿ ಅಲೆದಾಡಿಸಿ, ಕೆರೆಯ ನೀರು, ಪಾಚಿ, ಕಲ್ಲುಗಳನ್ನು ಆಯ್ದು ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸುತ್ತಿದ್ದರು. ಕಣ್ಣಿನಿಂದ ಕಂಡು ಕಲಿಯುವ ರುಚಿ ಬಾಲಕನಿಗೆ ಹತ್ತಿದ್ದು ಅಲ್ಲಿ. ಧರ್ಮಶಾಸ್ತ್ರಕ್ಕೆಂದು 1867ರಲ್ಲಿ ಟೊರಾಂಟೋ ನಗರದ ಕಾಲೇಜನ್ನು ಸೇರಿದ ಓಸ್ಲರ್, ಮರುವರ್ಷವೇ ಮನಸ್ಸು ಬದಲಿಸಿ ವೈದ್ಯಶಾಸ್ತ್ರದ ಕಡೆಗೆ ತಿರುಗಿದರು. 1870ರಲ್ಲಿ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯಕ್ಕೆ ಹೋಗಿ 1872ರಲ್ಲಿ ಪದವೀಧರರಾದರು. ಅಲ್ಲಿಯ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳಿಗೆ ರೋಗಿಗಳ ಬಳಿಗೆ ಹೋಗುವ ಅವಕಾಶವಿದ್ದಿತು. ಅನಂತರ ಲಂಡನ್, ಬರ್ಲಿನ್, ವಿಯೆನ್ನಾ ನಗರಗಳಲ್ಲಿ ಅಭ್ಯಾಸ ಮಾಡಿ, 1874ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ಮೆಕ್‌ಗಿಲ್‌ಗೆ ಅಧ್ಯಾಪಕರಾಗಿ ಹಿಂದಿರುಗಿದರು.

ಉಪನ್ಯಾಸ ಮಾಡುವುದು ಅವರಿಗೆ ಒಗ್ಗಿದ ಕೆಲಸವಲ್ಲ. ಶವಪರೀಕ್ಷೆಯ ಕೋಣೆ, ಸೂಕ್ಷ್ಮದರ್ಶಕ, ರೋಗಿಯ ಹಾಸಿಗೆ, ಇವು ಅವರಿಗೆ ಪ್ರಿಯವಾದ ಪಾಠಸ್ಥಳಗಳು. ಮಾಂಟ್ರಿಯಲ್‌ನಲ್ಲಿ ಅವರು ನಡೆಸಿದ ಶವಪರೀಕ್ಷೆಗಳು 700ಕ್ಕೂ ಹೆಚ್ಚು. ಬದುಕಿದ್ದಾಗ ರೋಗಿಯಲ್ಲಿ ಕಂಡ ಲಕ್ಷಣಕ್ಕೂ, ಸತ್ತ ಮೇಲೆ ದೇಹದೊಳಗೆ ಕಂಡ ವಿಕಾರಕ್ಕೂ ತಾಳೆ ನೋಡಿ, ತಮ್ಮ ನಿದಾನ ತಪ್ಪಿದ್ದರೆ ವಿದ್ಯಾರ್ಥಿಗಳ ಮುಂದೆ ಹಾಗೆಂದು ಒಪ್ಪಿಕೊಳ್ಳಲು ಅವರು ಹಿಂಜರಿಯುತ್ತಿರಲಿಲ್ಲ. ವಿದ್ಯಾರ್ಥಿಗಳಿಗೆ ಸೂಕ್ಷ್ಮದರ್ಶಕಗಳನ್ನು ಕೊಳ್ಳಲು ಹಣವಿಲ್ಲದಿದ್ದಾಗ ಓಸ್ಲರ್ ಸಿಡುಬಿನ ರೋಗಿಗಳ ವಾರ್ಡಿನ ಕೆಲಸವನ್ನು ಒಪ್ಪಿಕೊಂಡರು. ಇತರರು ಕಾಲಿಡಲು ಅಂಜುತ್ತಿದ್ದ ಆ ವಾರ್ಡಿನ ಸಂಬಳವೇ ಸೂಕ್ಷ್ಮದರ್ಶಕಗಳಾಗಿ ತರಗತಿಗೆ ಬಂದಿತು.

1884ರಲ್ಲಿ ಫಿಲಡೆಲ್ಫಿಯ ನಗರದಿಂದ ಅವರಿಗೆ ಕರೆ ಬಂದಿತು. ಹೋಗುವುದೋ ಬಿಡುವುದೋ ಎಂದು ತಿಳಿಯದೆ ನಾಣ್ಯವೊಂದನ್ನು ಚಿಮ್ಮಿ ನಿರ್ಧರಿಸಿದರಂತೆ. ಐದು ವರ್ಷಗಳ ತರುವಾಯ, 1889ರಲ್ಲಿ, ಅವರ ಬಾಳಿನ ಮುಖ್ಯ ಕಾರ್ಯಕ್ಷೇತ್ರವು ಬಾಲ್ಟಿಮೋರ್ ನಗರದಲ್ಲಿ ಸಿದ್ಧವಾಯಿತು. ಜಾನ್ಸ್ ಹಾಪ್ಕಿನ್ಸ್ ಎಂಬ ವರ್ತಕನು 1873ರಲ್ಲಿ ಕಾಲವಾದಾಗ, ಒಂದು ವಿಶ್ವವಿದ್ಯಾನಿಲಯಕ್ಕೂ ಒಂದು ಆಸ್ಪತ್ರೆಗೂ ಎಪ್ಪತ್ತು ಲಕ್ಷ ಡಾಲರುಗಳನ್ನು ಬಿಟ್ಟುಹೋಗಿದ್ದನು. ಆಸ್ಪತ್ರೆ ಎದ್ದಿತು, ಆದರೆ ವೈದ್ಯಶಾಲೆಯನ್ನು ತೆರೆಯಲು ಹಣ ಸಾಲದಾಯಿತು. ಆಗ ಮೇರಿ ಗ್ಯಾರೆಟ್ ಎಂಬ ಮಹಿಳೆ ಮೂರು ಲಕ್ಷಕ್ಕೂ ಹೆಚ್ಚು ಡಾಲರುಗಳನ್ನಿತ್ತು, ಜೊತೆಗೆ ಷರತ್ತುಗಳನ್ನೂ ಇಟ್ಟರು. ಹೆಣ್ಣುಮಕ್ಕಳನ್ನು ಗಂಡುಮಕ್ಕಳ ಸಮಾನವಾಗಿ ಸೇರಿಸಿಕೊಳ್ಳಬೇಕು. ಮೊದಲೇ ಒಂದು ಪದವಿ ಪಡೆದವರಿಗೆ ಮಾತ್ರ ಪ್ರವೇಶವಿರಬೇಕು. ಈ ಕಟ್ಟುನಿಟ್ಟನ್ನು ಕಂಡ ಓಸ್ಲರ್, ತಾವು ಪ್ರಾಧ್ಯಾಪಕರಾಗಿ ಒಳಗೆ ಬಂದದ್ದೇ ಪುಣ್ಯ, ವಿದ್ಯಾರ್ಥಿಗಳಾಗಿದ್ದರೆ ಬಾಗಿಲೇ ತೆರೆಯುತ್ತಿರಲಿಲ್ಲವೆಂದು ಸಹೋದ್ಯೋಗಿಯೊಡನೆ ನಕ್ಕರು. 1893ರಲ್ಲಿ ಶಾಲೆ ಆರಂಭವಾದಾಗ ಸೇರಿದ ವಿದ್ಯಾರ್ಥಿಗಳು 18 ಮಂದಿ. ಅವರಲ್ಲಿ 3 ಮಂದಿ ಸ್ತ್ರೀಯರು.

ಇಲ್ಲಿ ಓಸ್ಲರ್ ತಂದ ಬದಲಾವಣೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮೂರನೆಯ ವರ್ಷದ ವಿದ್ಯಾರ್ಥಿಗಳು ಹೊರರೋಗಿಗಳ ವಿಭಾಗದಲ್ಲಿ ಕುಳಿತು, ಆಗ ತಾನೇ ಒಳಗೆ ಬಂದ ರೋಗಿಯನ್ನು ಮಾತನಾಡಿಸಿ, ಪರೀಕ್ಷಿಸಿ, ಕಂಡದ್ದನ್ನು ಗುರುವಿನ ಮುಂದೆ ಹೇಳಬೇಕಾಗಿತ್ತು. ಕೊನೆಯ ವರ್ಷದವರು ವಾರ್ಡಿನಲ್ಲೇ ಕೆಲಸ ಮಾಡುತ್ತಿದ್ದರು. ಪ್ರತಿಯೊಬ್ಬನ ಪಾಲಿಗೂ ಕೆಲವು ಹಾಸಿಗೆಗಳು. ಆ ರೋಗಿಗಳ ಪೂರ್ವವೃತ್ತಾಂತವನ್ನು ಬರೆದುಕೊಳ್ಳುವುದು, ರಕ್ತ ಮೂತ್ರಗಳನ್ನು ಪರೀಕ್ಷಿಸುವುದು, ದಿನದಿನದ ಏರಿಳಿತಗಳನ್ನು ದಾಖಲಿಸುವುದು ಅವನ ಹೊಣೆ. ಅವನಿಗೆ ಕ್ಲಾರ್ಕ್ ಎಂದೇ ಹೆಸರು. ವೈದ್ಯನಾಗುವವನನ್ನು ಗುಮಾಸ್ತನೆಂದು ಕರೆಯುವುದು ನಮಗೆ ವಿಚಿತ್ರವೆನಿಸಬಹುದು. ಆದರೆ ಆ ಗುಮಾಸ್ತನ ಕಡತವೇ ಅವನ ಪಾಠಪುಸ್ತಕವಾಗಿತ್ತು. ಬೆಳಗ್ಗೆ ಓಸ್ಲರ್ ವಾರ್ಡಿಗೆ ಬಂದಾಗ ವಿದ್ಯಾರ್ಥಿಯು ತನ್ನ ರೋಗಿಯ ಪಕ್ಕದಲ್ಲಿ ನಿಂತು ವರದಿಯೊಪ್ಪಿಸುವನು. ಗುರುವು ಮೊದಲು ನೋಡುವಂತೆ, ಆಮೇಲೆ ಮುಟ್ಟುವಂತೆ, ಆಮೇಲೆ ಕಿವಿಗೊಡುವಂತೆ ಹೇಳುವರು. ಊಹೆಯ ಉತ್ತರಕ್ಕಿಂತ ತಿಳಿಯದೆಂಬ ಉತ್ತರವೇ ಅವರಿಗೆ ಮೆಚ್ಚುಗೆ.

ಪದವಿ ಪಡೆದವರ ಕಲಿಕೆಯೂ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಜರ್ಮನಿಯ ಆಸ್ಪತ್ರೆಗಳ ಮಾದರಿಯಲ್ಲಿ, ಆಯ್ದ ತರುಣ ವೈದ್ಯರು ಆಸ್ಪತ್ರೆಯಲ್ಲಿಯೇ ವಾಸಿಸುತ್ತ, ವರ್ಷದಿಂದ ವರ್ಷಕ್ಕೆ ಹೆಚ್ಚಿನ ಹೊಣೆ ಹೊರುತ್ತ ಬೆಳೆಯುವ ಏರ್ಪಾಡು ನಡೆಯಿತು. ಅಲ್ಲಿಯೇ ನೆಲೆಸಿದ್ದರಿಂದ ಅವರು ನಿವಾಸಿ ವೈದ್ಯರು. ಇಂದು ರೆಸಿಡೆಂಟ್ ಎಂಬ ಮಾತು ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಬಳಕೆಯಲ್ಲಿದೆ. ಈ ವ್ಯವಸ್ಥೆಗೆ ಕಠೋರವಾದ ಒಂದು ಮುಖವೂ ಇದ್ದಿತೆಂಬುದನ್ನು ಮರೆಯಬಾರದು. ಹಗಲಿರುಳೆನ್ನದೆ ದುಡಿಸುವ ಪದ್ಧತಿ ತಲೆಮಾರುಗಳವರೆಗೆ ಉಳಿಯಿತು. ಅಮೆರಿಕದಲ್ಲಿ ಎಲ್ಲ ನಿವಾಸಿ ವೈದ್ಯರಿಗೂ ವಾರಕ್ಕೆ 80 ಗಂಟೆಗಳ ಮಿತಿ ಬಂದದ್ದು 2003ರಲ್ಲಿ.

ಬಾಲ್ಟಿಮೋರ್‌ನಲ್ಲಿ ಓಸ್ಲರರ ಮನೆಯೂ ಒಂದು ಪಾಠಶಾಲೆಯಾಗಿದ್ದಿತು. ಶನಿವಾರ ಸಂಜೆ ವಿದ್ಯಾರ್ಥಿಗಳು ಅಲ್ಲಿ ಕೂಡಿ, ವಾರದ ರೋಗಿಗಳನ್ನು ಕುರಿತು ಮಾತನಾಡುವರು. ಹಳೆಯ ವೈದ್ಯರ ಅಪೂರ್ವ ಗ್ರಂಥಗಳು ಕೈಯಿಂದ ಕೈಗೆ ದಾಟುವುವು. ಪಕ್ಕದ ಮನೆಯ ತರುಣ ವೈದ್ಯರಿಗೆ ಅವರು ತಮ್ಮ ಮನೆಯ ಬೀಗದ ಕೈಗಳನ್ನೇ ಕೊಟ್ಟುಬಿಟ್ಟಿದ್ದರು. ಯಾವ ಹೊತ್ತಿನಲ್ಲಾದರೂ ಬಂದು ಪುಸ್ತಕಗಳನ್ನು ಓದಬಹುದಾಗಿತ್ತು.

1892ರಲ್ಲಿ ಪ್ರಕಟವಾದ ಅವರ ವೈದ್ಯಗ್ರಂಥವು ಹಳ್ಳಿಪಟ್ಟಣಗಳ ಸಾಮಾನ್ಯ ವೈದ್ಯರಿಗೆ ಬಹುಕಾಲ ಕೈಪಿಡಿಯಾಯಿತು. ನಿಷ್ಪ್ರಯೋಜಕವಾದ ಔಷಧಗಳನ್ನು ಅವರು ನಿರ್ದಾಕ್ಷಿಣ್ಯವಾಗಿ ತಳ್ಳಿಹಾಕಿದರು. ಹಾಗೆಂದು ಅವರು ತಪ್ಪೇ ಮಾಡದವರಲ್ಲ. ನ್ಯುಮೋನಿಯ ರೋಗದಲ್ಲಿ ರಕ್ತ ತೆಗೆಯುವ ಹಳೆಯ ಚಿಕಿತ್ಸೆಯನ್ನು ಪೂರ್ತಿಯಾಗಿ ಬಿಡಲು ಅವರಿಂದಾಗಲಿಲ್ಲ.

1905ರಲ್ಲಿ ಓಸ್ಲರ್ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಪ್ರಾಧ್ಯಾಪಕರಾಗಿ ತೆರಳಿದರು. ಅಲ್ಲಿದ್ದಾಗ 1913ರಲ್ಲಿ ಪರೀಕ್ಷೆಗಳನ್ನು ಕುರಿತು ಒಂದು ಭಾಷಣ ಮಾಡಿದರು. ವರ್ಷದ ಕೊನೆಯಲ್ಲಿ ಕೆಲವು ಗಂಟೆಗಳಲ್ಲಿ ನಡೆಯುವ ಪರೀಕ್ಷೆಯು ವೈದ್ಯನ ಯೋಗ್ಯತೆಯನ್ನು ಅಳೆಯಲಾರದು. ವಾರ್ಡಿನಲ್ಲಿ ಅವನು ದಿನವೂ ಮಾಡಿದ ಕೆಲಸಕ್ಕೂ ಬೆಲೆಯಿರಬೇಕು ಎಂಬುದು ಅವರ ನಿಲುವು. ಪ್ರಶ್ನಪತ್ರಿಕೆಗಳ ನಡುವೆಯೇ ಆಯುಷ್ಯ ಕಳೆದ ನನ್ನಂಥ ಉಪಾಧ್ಯಾಯನಿಗೆ ಈ ಮಾತು ಸ್ವಲ್ಪ ಚುಚ್ಚುತ್ತದೆ, ಆದರೆ ಅಲ್ಲಗಳೆಯಲಾರೆ. ಕಾಲ ಕಳೆದಂತೆ ಈ ನಿಲುವಿಗೆ ಬಲ ಬಂದಿತು. ಕುಟುಂಬ ವೈದ್ಯವೃತ್ತಿಯನ್ನು ಅಮೆರಿಕವು 1969ರಲ್ಲಿ ಪ್ರತ್ಯೇಕ ಶಾಖೆಯೆಂದು ಮನ್ನಿಸಿ, ಅದಕ್ಕೆ ಮೂರು ವರ್ಷಗಳ ನಿವಾಸಿ ಶಿಕ್ಷಣವನ್ನು ಗೊತ್ತುಮಾಡಿತು. ಎಳೆಗೂಸಿನಿಂದ ಮುದುಕರವರೆಗೆ ಎಲ್ಲರನ್ನೂ ನೋಡಬೇಕಾದ ಈ ವೈದ್ಯನ ಪರೀಕ್ಷೆ ಬರಿಯ ಕಾಗದದ ಮೇಲೆ ಮುಗಿಯುವುದಿಲ್ಲ. ಅವನು ಗಾಬರಿಗೊಂಡ ತಾಯಿಯನ್ನು ಹೇಗೆ ಮಾತನಾಡಿಸುತ್ತಾನೆ, ಯಾವ ಜ್ವರವನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದು, ಯಾವುದನ್ನು ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕೆಂದು ಹೇಗೆ ನಿರ್ಣಯಿಸುತ್ತಾನೆ ಎಂಬುದನ್ನು ಹಿರಿಯ ವೈದ್ಯರು ಪಕ್ಕದಲ್ಲಿದ್ದು ನೋಡಿ, ಆಮೇಲೆ ತಿದ್ದುತ್ತಾರೆ. ಒಂದೊಂದು ಕೆಲಸದಲ್ಲಿಯೂ ಕೈ ಪಳಗಿದುದನ್ನು ಕಂಡ ಮೇಲೆ ಅದನ್ನು ಅವನಿಗೇ ವಹಿಸುತ್ತಾರೆ. ಎಷ್ಟು ವರ್ಷ ಕಲಿತ ಎಂಬುದಕ್ಕಿಂತ ಏನನ್ನು ಮಾಡಬಲ್ಲ ಎಂಬುದಕ್ಕೆ ಒತ್ತುಕೊಡುವ ಈ ಬಗೆಯ ಶಿಕ್ಷಣಕ್ರಮವು ಭಾರತದ ವೈದ್ಯ ಕಾಲೇಜುಗಳಲ್ಲಿ ಪದವಿಯ ಮಟ್ಟಕ್ಕೆ 2019ರಲ್ಲಿ ಬಂದಿತು.

ಓಸ್ಲರರ ಕೊನೆಯ ವರ್ಷಗಳು ದುಃಖದಲ್ಲಿ ಕಳೆದುವು. ಅವರ ಪುತ್ರ ರೆವೆರೆ ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿದಳವನ್ನು ಸೇರಿದ್ದನು. 1917ರ ಆಗಸ್ಟ್ ತಿಂಗಳಲ್ಲಿ ಬೆಲ್ಜಿಯಮ್ಮಿನ ರಣರಂಗದಲ್ಲಿ ಗಾಯಗೊಂಡ ಅವನನ್ನು ಉಳಿಸಲು, ಸಮೀಪದ ಶಿಬಿರಗಳಲ್ಲಿದ್ದ ಅಮೆರಿಕದ ನುರಿತ ಶಸ್ತ್ರವೈದ್ಯರು ರಾತ್ರಿಯಲ್ಲಿ ಧಾವಿಸಿ ಬಂದರು. ಒಂದು ಕಾಲದಲ್ಲಿ ಓಸ್ಲರರ ಮನೆಯ ಬೀಗದ ಕೈಯನ್ನು ಪಡೆದಿದ್ದ ಹಾರ್ವೆ ಕುಷಿಂಗ್ ಅವರಲ್ಲೊಬ್ಬರು. ಫಲವಾಗಲಿಲ್ಲ. 30ರಂದು, ಇಪ್ಪತ್ತೊಂದರ ಎಳೆಯ ಹರೆಯದಲ್ಲಿ, ರೆವೆರೆ ತೀರಿಕೊಂಡನು. ಓಸ್ಲರ್ ಆಸ್ಪತ್ರೆಗಳಿಗೆ ಹೋಗುವುದನ್ನು ಬಿಡಲಿಲ್ಲ. ಆಕ್ಸ್‌ಫರ್ಡಿನ ಅವರ ಮನೆಯ ಬಾಗಿಲು ದೂರದ ದೇಶಗಳಿಂದ ಬಂದ ತರುಣ ವೈದ್ಯರಿಗೆ ಎಂದಿನಂತೆಯೇ ತೆರೆದಿದ್ದಿತು.

1919ರ ಡಿಸೆಂಬರ್ 29ರಂದು, ಎಪ್ಪತ್ತು ವರ್ಷ ತುಂಬಿದ್ದ ಓಸ್ಲರ್ ನ್ಯುಮೋನಿಯ ಮತ್ತು ಅದರ ಉಪದ್ರವಗಳಿಂದ ಮಡಿದರು. ತಮ್ಮ ಸಮಾಧಿಯ ಮೇಲೆ ಬೇರಾವ ಹೊಗಳಿಕೆಯೂ ಬೇಡ, ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿ ವೈದ್ಯಶಾಸ್ತ್ರವನ್ನು ಕಲಿಸಿದವನೆಂಬ ಮಾತು ಸಾಕೆಂದು ಅವರು ಹಿಂದೆಯೇ ಹೇಳಿದ್ದರು. ಜೀವಮಾನವೆಲ್ಲ ಕೂಡಿಟ್ಟ ಸುಮಾರು 8000 ಗ್ರಂಥಗಳನ್ನು ತಾವು ಓದಿದ ಮೆಕ್‌ಗಿಲ್ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟಿದ್ದರು. ಆ ಗ್ರಂಥಾಲಯವು 1929ರಲ್ಲಿ ಮಾಂಟ್ರಿಯಲ್‌ನಲ್ಲಿ ತೆರೆಯಿತು. ಓಸ್ಲರ್ ಮತ್ತು ಅವರ ಪತ್ನಿ ಗ್ರೇಸ್ ಇಬ್ಬರ ಚಿತಾಭಸ್ಮವನ್ನೂ ಅಲ್ಲಿ, ಆ ಪುಸ್ತಕಗಳ ನಡುವೆಯೇ ಇರಿಸಲಾಗಿದೆ.