ಆಟೋ ಸ್ಟಿಕ್ಕರ್‌ನಲ್ಲಿ ಕಾಣದ ಶಂಕರ್ ನಾಗ್

ಈ ವರ್ಷ ನಾನು ಶಂಕರ್ ನಾಗ್‌ಗಿಂತ ದೊಡ್ಡವನಾದೆ. 1954ರ ನವೆಂಬರ್ 9ರಂದು ಹುಟ್ಟಿ 1990ರ ಸೆಪ್ಟೆಂಬರ್ 30ರಂದು ಹೋಗಿಬಿಟ್ಟ ಮನುಷ್ಯನಿಗೆ ಆಗ ಬರೀ 35. ನನಗೀಗ 36. ಈ ಲೆಕ್ಕ ತಲೆಗೆ ಹೊಕ್ಕ ಮೇಲೆ ಬೆಂಗಳೂರಿನ ಆಟೋಗಳ ಹಿಂದಿರುವ ಆ ನಗುಮುಖ ನೋಡೋಕೆ ಸ್ವಲ್ಪ ಮುಜುಗರ ಆಗುತ್ತೆ.

ಎಂಜಿನಿಯರಿಂಗ್ ಓದುವಾಗ ಪ್ರತಿ ನವೆಂಬರ್‌ನಲ್ಲೂ ನಮಗೆ ಅದೇ ಶಂಕರ್ ಸಿಗುತ್ತಿದ್ದರು. ಮೆಟ್ರೋ ಬರುವ ದಶಕಗಳ ಮೊದಲೇ ಅದರ ಕನಸು ಕಂಡವರು, ಆಗುಂಬೆಯನ್ನು ಮಾಲ್ಗುಡಿ ಮಾಡಿದವರು, 'ಆಟೋ ರಾಜ'. ನಾನೂ ವೇದಿಕೆ ಹತ್ತಿ ಇದನ್ನೇ ಭಾಷಣ ಬಿಗಿದವನು. ಯಾರಿಗೂ ನೋವಾಗದ, ಎಲ್ಲಾ ಪಕ್ಷದವರೂ ಹಾರ ಹಾಕಬಹುದಾದ ಶಂಕರ್.

ಆಮೇಲೆ ಒಂದು ರಾತ್ರಿ ಹಾಸ್ಟೆಲ್‌ನಲ್ಲಿ 'ಆಕ್ಸಿಡೆಂಟ್' ನೋಡಿದೆ. 1985ರ ಚಿತ್ರ, ನಿರ್ದೇಶನ ಅವರದ್ದೇ. ನಶೆಯಲ್ಲಿದ್ದ ಹುಡುಗರ ಕಾರು ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಹರಿಯುತ್ತೆ. ಹುಡುಗರಲ್ಲಿ ಒಬ್ಬ ರಾಜಕಾರಣಿಯ ಮಗ. ಚುನಾವಣೆ ಹತ್ತಿರವಿದೆ. ಅಲ್ಲಿಂದ ಶುರು, ಕೇಸು ಮುಚ್ಚಿಹಾಕುವ ಕೆಲಸ. ಬೆನ್ನು ಹತ್ತುವ ಪತ್ರಕರ್ತನ ಪಾತ್ರದಲ್ಲಿ ಶಂಕರ್. ಒಂದೇ ಒಂದು ಹಾಡಿಲ್ಲ. ನಾನು ಕೋಡಿಂಗ್ ಬಿಟ್ಟು ಈ ಕೆಲಸಕ್ಕೆ ಬಂದದ್ದರಲ್ಲಿ ಆ ರಾತ್ರಿಯ ಪಾಲೂ ಇದೆ.

ಮಗನನ್ನು ಉಳಿಸಿಕೊಳ್ಳಲು ಏನು ಮಾಡಲೂ ಹೇಸದ ಆ ರಾಜಕಾರಣಿ ಧರ್ಮಾಧಿಕಾರಿಯ ಪಾತ್ರ ಯಾರದ್ದು ಗೊತ್ತಲ್ಲ? ಸ್ವಂತ ಅಣ್ಣ ಅನಂತ್ ನಾಗ್. ರಾಜ್ಯದಲ್ಲಿ ಆಗ ಇದ್ದದ್ದು ಜನತಾ ಪಕ್ಷದ ಸರ್ಕಾರ. ಅಣ್ಣ ತಮ್ಮ ಇಬ್ಬರೂ ಆ ಪಕ್ಷಕ್ಕೆ ಹತ್ತಿರದವರು. ಅಣ್ಣ ಮುಂದೆ ಶಾಸಕರೂ ಸಚಿವರೂ ಆದರು. ತಮ್ಮವರೇ ಅಧಿಕಾರದಲ್ಲಿದ್ದಾಗ ಅಧಿಕಾರ ಏನು ಮಾಡುತ್ತೆ ಅಂತ ಸಿನಿಮಾ ಮಾಡೋದಿದೆಯಲ್ಲ, ಅದು ಇವತ್ತಿಗೂ ಅಪರೂಪ. ಅದಕ್ಕೆ ಸಾಮಾಜಿಕ ವಸ್ತುವಿನ ಚಿತ್ರವಾಗಿ ರಾಷ್ಟ್ರಪ್ರಶಸ್ತಿ ಬಂತು. ಆಟೋ ಹಿಂದೆ ಅದರ ಸ್ಟಿಕ್ಕರ್ ನಾನಂತೂ ನೋಡಿಲ್ಲ.

ಉತ್ತರ ಕನ್ನಡದ ಹೊನ್ನಾವರದ ಕಡೆಯ ಹುಡುಗ ಮುಂಬೈಗೆ ಹೋಗಿ, ಬ್ಯಾಂಕ್ ನೌಕರಿ ಮಾಡಿಕೊಂಡು ಮರಾಠಿ ರಂಗಭೂಮಿಯಲ್ಲಿ ಪಳಗಿದ. ಅರುಂಧತಿ ಸಿಕ್ಕಿದ್ದೂ ಅಲ್ಲಿನ ನಾಟಕದ ಒಡನಾಟದಲ್ಲೇ. 1978ರಲ್ಲಿ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಕನ್ನಡಕ್ಕೆ ಕರೆತಂತು, ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿಯನ್ನೂ ಕೊಡಿಸಿತು. ಮೊದಲು ನಿರ್ದೇಶಿಸಿದ 'ಮಿಂಚಿನ ಓಟ'ದಲ್ಲಿ ಅಣ್ಣ ತಮ್ಮ ಇಬ್ಬರೂ ಕಾರು ಕಳ್ಳರು. ಹನ್ನೆರಡೇ ವರ್ಷದಲ್ಲಿ 80ಕ್ಕೂ ಹೆಚ್ಚು ಚಿತ್ರ. ನಿಜ ಹೇಳಬೇಕಂದ್ರೆ ಬಹಳಷ್ಟು ಸಾಧಾರಣವೇ. ಕರಾಟೆ ಏಟುಗಳನ್ನು ತೆಗೆದರೆ ಏನೂ ಉಳಿಯದಂಥವೂ ಇವೆ. ಆದರೆ ಅದೇ ಮನುಷ್ಯ 'ಸಂಕೇತ್' ತಂಡ ಕಟ್ಟಿ 'ಅಂಜುಮಲ್ಲಿಗೆ', 'ನಾಗಮಂಡಲ' ಆಡಿಸುತ್ತಿದ್ದರು, ಬೆಂಗಳೂರಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟುತ್ತಿದ್ದರು. ನಿದ್ದೆ ಯಾವಾಗ ಮಾಡುತ್ತಿದ್ದರೋ.

'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆ ಹೊರಟವರ ಕಾರು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತಕ್ಕೀಡಾಯಿತು. 'ಆಕ್ಸಿಡೆಂಟ್' ತೆಗೆದವರು ಹಾಗೇ ಹೋದರು ಅನ್ನೋದನ್ನು ವಿಧಿ ಅಂತ ಕರೆಯೋದು ನನಗಿಷ್ಟವಿಲ್ಲ. ನಮ್ಮ ಹೆದ್ದಾರಿಗಳಲ್ಲಿ ಜನ ಹೀಗೇ ಸಾಯುತ್ತಾರೆ, ಅಷ್ಟೇ. ಜೊತೆಗಿದ್ದ ಅರುಂಧತಿ, ಪುಟ್ಟ ಮಗಳು ಕಾವ್ಯಾ ಇಬ್ಬರೂ ಗಾಯಗೊಂಡು ಉಳಿದರು.

ನಾಡಿಗೆ ನಟ ಹೋದ. ಮನೆಯವರಿಗೆ ಹೋದದ್ದು ಬೇರೆಯೇ. ಅನಂತ್ ನಾಗ್ ಬರೆದ ಪುಸ್ತಕದ ಹೆಸರಲ್ಲಿ ನಟನೂ ಇಲ್ಲ, ನಿರ್ದೇಶಕನೂ ಇಲ್ಲ. 'ನನ್ನ ತಮ್ಮ ಶಂಕರ', ಅಷ್ಟೇ. ಆರು ವರ್ಷ ಚಿಕ್ಕವನಾದ ತಮ್ಮನ ಜೀವನವನ್ನು ಅಣ್ಣ ಬರೆಯಬೇಕಾಗಿ ಬಂತು.

ಅರುಂಧತಿ ಮತ್ತೆ ಎದ್ದು ನಿಂತು ಗಂಡನ ಹೆಸರಿನ ರಂಗಮಂದಿರಕ್ಕಾಗಿ ವರ್ಷಗಟ್ಟಲೆ ಓಡಾಡಿದರು. ಜೆ.ಪಿ. ನಗರದಲ್ಲಿ ರಂಗಶಂಕರ ಬಾಗಿಲು ತೆರೆದದ್ದು 2004ರಲ್ಲಿ, ಅವರು ಹೋಗಿ 14 ವರ್ಷಕ್ಕೆ. ಅಲ್ಲಿ ನಾಟಕ ಹೇಳಿದ ಹೊತ್ತಿಗೆ ಸರಿಯಾಗಿ ಶುರು. ತಡವಾಗಿ ಬಂದವರಿಗೆ, ಅವರು ಯಾರ ಮಗನೇ ಆಗಿರಲಿ, ಬಾಗಿಲು ತೆರೆಯಲ್ಲ.