ಪಾಲವಣಕರ ಬಾಳೂ

ಕ್ರಿಕೆಟ್ ಆಟಗಾರ ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ಅಸ್ಪೃಶ್ಯರೆಂದು ಸಮಾಜವು ದೂರವಿಟ್ಟಿದ್ದ ಚಮ್ಮಾರ ಮನೆತನ ಅವರದು. ತಂದೆ ಸೈನ್ಯದಲ್ಲಿದ್ದುದರಿಂದ ಬಾಲ್ಯವು ಪುಣೆಯಲ್ಲಿ ಕಳೆಯಿತು. ಅಲ್ಲಿನ ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ರೋಲರ್ ಎಳೆಯುವುದು, ಬಲೆ ಕಟ್ಟುವುದು ಅವರ ಕೆಲಸ. ಆಂಗ್ಲರ ಅಭ್ಯಾಸಕ್ಕಾಗಿ ಚೆಂಡೆಸೆದು ಎಸೆದು ಅವರ ಎಡಗೈ ಪಳಗಿತು.

ಗೆಲುವಿನ ಆಸೆಯಿಂದ ಪುಣೆಯ ಹಿಂದೂ ತಂಡವು ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ವೇಳೆಗೆ ಮಾತ್ರ ಅವರು ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಿತ್ತು! ಮುಂದೆ ಮುಂಬಯಿಯಲ್ಲಿ ನೆಲೆಸಿದ ಬಾಳೂ, 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಒಲಿಯಲಿಲ್ಲ. 1923ರಲ್ಲಿ ಅದು ತಮ್ಮ ವಿಠ್ಠಲರಿಗೆ ದೊರೆಯಿತು.

ಪ್ರವಾಸದಿಂದ ಮರಳಿದ ಬಾಳೂ ಅವರ ಸನ್ಮಾನಕ್ಕೆ ಓಡಾಡಿದ ತರುಣರಲ್ಲಿ ಅಂಬೇಡ್ಕರರೂ ಒಬ್ಬರು. ಆಟದ ಕೀರ್ತಿಯನ್ನು ಬಾಳೂ ತಮ್ಮ ಜನರ ಸೇವೆಗೆ ತಿರುಗಿಸಿದಾಗ ಇಬ್ಬರ ದಾರಿ ಬೇರೆಯಾಯಿತು. ಅಂಬೇಡ್ಕರರು ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂದರು. ಬಾಳೂ ಗಾಂಧೀಜಿಯವರ ಪಕ್ಷ ವಹಿಸಿದರು. ಯಾರು ಸರಿಯೆಂದು ಇಂದು ತೀರ್ಪು ಕೊಡುವುದು ಸುಲಭವಲ್ಲ. ಇಬ್ಬರೂ ಅದೇ ಅವಮಾನವನ್ನು ಉಂಡವರು. 1932ರ ಪುಣೆ ಒಪ್ಪಂದದಲ್ಲಿ ಇಬ್ಬರ ಸಹಿಯೂ ಇದೆ. ನಗರಸಭೆಯ ಚುನಾವಣೆಯಲ್ಲಿ ಒಮ್ಮೆ ಸೋತಿದ್ದ ಬಾಳೂ, 1937ರಲ್ಲಿ ಮುಂಬಯಿ ಶಾಸನಸಭೆಗೆ ಕಾಂಗ್ರೆಸ್ ಅಭ್ಯರ್ಥಿಯಾಗಿ, ಒಮ್ಮೆ ತಮ್ಮ ಅಭಿಮಾನಿಯಾಗಿದ್ದ ಅಂಬೇಡ್ಕರರ ಎದುರೇ ನಿಂತರು. ಸುಮಾರು 2000 ಮತಗಳಿಂದ ಸೋತರು. 1955ರ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.