ಬಾಣಂತಿಯರ ಭಯವನ್ನು ಅರಿತ ವೈದ್ಯ: ಡಾ. ಇಗ್ನಾಜ್ ಸೆಮ್ಮೆಲ್‌ವೈಸ್

ಕೈ ತೊಳೆಯುವುದರ ಮಹತ್ವವನ್ನು ಹೇಳುವಾಗಲೆಲ್ಲ ಡಾ. ಇಗ್ನಾಜ್ ಸೆಮ್ಮೆಲ್‌ವೈಸ್‌ರವರ ಹೆಸರನ್ನು ಸ್ಮರಿಸಲಾಗುತ್ತದೆ. 2020ರಲ್ಲಿ ಕೋವಿಡ್ ಹರಡಿದಾಗ ಅವರ ಹೆಸರು ಮತ್ತೊಮ್ಮೆ ಪ್ರಪಂಚದಾದ್ಯಂತ ಕೇಳಿಬಂತು. ಆದರೆ ಅವರ ಜೀವನದಲ್ಲಿ ಕೈ ತೊಳೆಯುವುದಕ್ಕೂ ಮುಂಚಿನ ಒಂದು ಭಾಗವಿದೆ. ರೋಗಿಗಳಿಗೆಲ್ಲ ಗೊತ್ತಿದ್ದ ಒಂದು ಸತ್ಯ ದೊಡ್ಡ ಆಸ್ಪತ್ರೆಯೊಂದರ ವೈದ್ಯರಿಗೆ ವರ್ಷಗಟ್ಟಲೆ ಏಕೆ ಗೊತ್ತಾಗಲಿಲ್ಲ ಎಂಬುದೇ ಆ ಭಾಗ. ನಮ್ಮ ಸಂಸ್ಥೆಯ ವಿದ್ಯಾರ್ಥಿಗಳಲ್ಲಿ ಡಾಕ್ಟರ್, ನರ್ಸ್, ಫಾರ್ಮಸಿಸ್ಟ್ ಆಗಬೇಕೆಂದು ಓದುತ್ತಿರುವವರು ಅನೇಕರಿದ್ದಾರೆ. ಆದ್ದರಿಂದ ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಸೆಮ್ಮೆಲ್‌ವೈಸ್ ಹುಟ್ಟಿದ್ದು 1818ರ ಜುಲೈ 1ರಂದು, ಹಂಗೇರಿ ದೇಶದ ಬುಡಾ ಪಟ್ಟಣದ ತಬಾನ್ ಎಂಬ ಬಡಾವಣೆಯಲ್ಲಿ. ಬುಡಾ ಮತ್ತು ಪೆಸ್ಟ್ ಪಟ್ಟಣಗಳು ಮುಂದೆ ಸೇರಿ ಬುಡಾಪೆಸ್ಟ್ ಆದವು. ಬುಡಾ ಸುಮಾರು ನೂರೈವತ್ತು ವರ್ಷ ಉಸ್ಮಾನಿಯಾ ತುರ್ಕರ ಆಡಳಿತದಲ್ಲಿತ್ತು. ತಬಾನ್ ಎಂಬ ಹೆಸರೂ ಚರ್ಮ ಹದ ಮಾಡುವ ಜಾಗಕ್ಕೆ ತುರ್ಕಿ ಭಾಷೆಯಲ್ಲಿರುವ ಪದದಿಂದ ಬಂದದ್ದು. ಉರ್ದು ಬಲ್ಲವರಿಗೆ ದಬ್ಬಾಗ್ ಎಂಬ ಪದ ನೆನಪಾಗಬಹುದು. ತುರ್ಕರು ಕಟ್ಟಿಸಿದ ಹಮ್ಮಾಮುಗಳು ಆ ಭಾಗದಲ್ಲಿ ಇಂದಿಗೂ ಇವೆ. ತಂದೆ ಅನುಕೂಲಸ್ಥ ದಿನಸಿ ವ್ಯಾಪಾರಿ. ಮಗ ಕಾನೂನು ಓದಲೆಂದು 1837ರಲ್ಲಿ ವಿಯೆನ್ನಾ ನಗರಕ್ಕೆ ಹೋದರು. ಮರುವರ್ಷವೇ ಕಾನೂನನ್ನು ಬಿಟ್ಟು ವೈದ್ಯಕೀಯಕ್ಕೆ ಸೇರಿ, 1844ರಲ್ಲಿ ವೈದ್ಯ ಪದವಿ ಪಡೆದರು. ಮೊದಲು ಬಯಸಿದ್ದ ವಿಭಾಗದಲ್ಲಿ ಕೆಲಸ ಸಿಗದ ಕಾರಣ ಹೆರಿಗೆ ವಿಭಾಗವನ್ನು ಆರಿಸಿಕೊಂಡರು. 1846ರ ಜುಲೈನಲ್ಲಿ ವಿಯೆನ್ನಾ ಜನರಲ್ ಆಸ್ಪತ್ರೆಯ ಮೊದಲನೆಯ ಹೆರಿಗೆ ವಿಭಾಗದಲ್ಲಿ ಪ್ರೊಫೆಸರ್ ಯೋಹಾನ್ ಕ್ಲೈನ್‌ರವರ ಸಹಾಯಕರಾದರು.

ಈ ಆಸ್ಪತ್ರೆಯ ವ್ಯವಸ್ಥೆಯನ್ನು ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಲ್ಲಿಗೆ ಹೆರಿಗೆಗೆ ಬರುತ್ತಿದ್ದವರು ಬಡವರು. ಮನೆಗೆಲಸದವರು, ಕೂಲಿಯವರು, ಗಂಡನ ಆಸರೆ ಇಲ್ಲದವರು. ಅನುಕೂಲವಿದ್ದವರಿಗೆ ಮನೆಯಲ್ಲೇ ಹೆರಿಗೆ ಆಗುತ್ತಿತ್ತು. ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ, ಹುಟ್ಟಿದ ಮಗುವನ್ನು ಸಾಕಲು ಅನಾಥಾಲಯದ ಸೌಲಭ್ಯವೂ ಇತ್ತು. ಅದಕ್ಕೆ ಬದಲಾಗಿ ಆ ತಾಯಂದಿರು ವಿದ್ಯಾರ್ಥಿಗಳ ಕಲಿಕೆಗೆ ತಮ್ಮ ದೇಹವನ್ನು ಒಪ್ಪಿಸಬೇಕಾಗಿತ್ತು. ಹೆರಿಗೆ ವಿಭಾಗಗಳು ಎರಡು. 1840ರಿಂದ ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. ಯಾರು ಯಾವ ವಿಭಾಗಕ್ಕೆ ಎಂಬುದನ್ನು ತೀರ್ಮಾನಿಸುತ್ತಿದ್ದುದು ದಿನದ ಸರದಿ. ಇವತ್ತು ಬಂದರೆ ಒಂದಕ್ಕೆ, ನಾಳೆ ಬಂದರೆ ಇನ್ನೊಂದಕ್ಕೆ.

1846ರಲ್ಲಿ ಮೊದಲನೆಯ ವಿಭಾಗದಲ್ಲಿ 4010 ಹೆರಿಗೆಗಳಾದವು, 459 ತಾಯಂದಿರು ತೀರಿಕೊಂಡರು. ಎರಡನೆಯದರಲ್ಲಿ 3754 ಹೆರಿಗೆಗಳಿಗೆ 105 ಸಾವು. ಅಂದರೆ ಒಂದರಲ್ಲಿ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚು, ಮತ್ತೊಂದರಲ್ಲಿ ನೂರಕ್ಕೆ ಮೂರಕ್ಕಿಂತ ಕಡಿಮೆ. ಕಾಯಿಲೆ ಮಾತ್ರ ಒಂದೇ, ಬಾಣಂತಿ ಜ್ವರ. ಹೆರಿಗೆಯಾದ ಕೆಲವು ದಿನಗಳಲ್ಲಿ ಚಳಿಜ್ವರ, ಹೊಟ್ಟೆ ಉಬ್ಬರ, ತಡೆಯಲಾಗದ ನೋವು, ನಂತರ ಸಾವು. ವಾಸ್ತವದಲ್ಲಿ ಮೊದಲನೆಯ ವಿಭಾಗದ ಸಾವು ಇದಕ್ಕಿಂತಲೂ ಹೆಚ್ಚಿತ್ತು. ಕಾಯಿಲೆ ಜೋರಾದಾಗ ರೋಗಿಗಳನ್ನು ಸಾಮಾನ್ಯ ಆಸ್ಪತ್ರೆಯ ವಾರ್ಡುಗಳಿಗೆ ಸಾಗಿಸುತ್ತಿದ್ದರು. ಅಲ್ಲಿ ಸತ್ತವರು ಹೆರಿಗೆ ವಿಭಾಗದ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಈ ಅಂಕಿ ಅಂಶಗಳನ್ನು ಆ ತಾಯಂದಿರು ನೋಡಿರಲಿಲ್ಲ, ಅನೇಕರಿಗೆ ಅಕ್ಷರವೂ ಬರುತ್ತಿರಲಿಲ್ಲ. ಆದರೂ ಊರಿಗೆಲ್ಲ ವಿಷಯ ಗೊತ್ತಿತ್ತು. ತಾವು ಬಂದ ದಿನ ಮೊದಲನೆಯ ವಿಭಾಗದ ಸರದಿ ಎಂದು ತಿಳಿದ ಕೂಡಲೇ ಹೆಂಗಸರು ಮೊಣಕಾಲೂರಿ, ಕೈ ಹಿಸುಕಿಕೊಂಡು, ತಮ್ಮನ್ನು ಬಿಟ್ಟುಬಿಡಿ ಎಂದು ಬೇಡಿಕೊಳ್ಳುತ್ತಿದ್ದರು. ಇನ್ನು ಕೆಲವರು ಬೇರೆ ದಾರಿ ಹುಡುಕಿಕೊಂಡಿದ್ದರು. ಆಸ್ಪತ್ರೆಯ ಹೊರಗೇ ಹೆರಿಗೆ ಮಾಡಿಸಿಕೊಂಡು, ದಾರಿಯಲ್ಲೇ ಆಗಿಹೋಯಿತೆಂದು ಹೇಳಿ ಮಗುವಿನೊಂದಿಗೆ ಒಳಗೆ ಬರುತ್ತಿದ್ದರು. ಹೀಗೆ ಮಾಡಿದರೆ ಅನಾಥಾಲಯದ ಸೌಲಭ್ಯವೂ ತಪ್ಪುತ್ತಿರಲಿಲ್ಲ, ವೈದ್ಯರ ಕೈಯೂ ತಾಗುತ್ತಿರಲಿಲ್ಲ. ಬೀದಿಯಲ್ಲಿ ಹೆತ್ತ ಈ ಹೆಂಗಸರಲ್ಲಿ ಬಾಣಂತಿ ಜ್ವರ ಕಡಿಮೆ ಎಂಬುದನ್ನು ಸೆಮ್ಮೆಲ್‌ವೈಸ್ ಗಮನಿಸಿದರು. ಬೀದಿಗಿಂತ ಆಸ್ಪತ್ರೆ ಅಪಾಯವೆಂದು ಬಡ ಹೆಂಗಸರು ಕಂಡುಕೊಂಡಿದ್ದ ಲೆಕ್ಕ ತಪ್ಪಾಗಿರಲಿಲ್ಲ.

ಇನ್ನೂ ಒಂದು ಸಂಗತಿಯನ್ನು ಅವರು ದಾಖಲಿಸಿದ್ದಾರೆ. ಜ್ವರ ಬಂದ ಬಾಣಂತಿಯರು ಅದನ್ನು ಮುಚ್ಚಿಡುತ್ತಿದ್ದರು. ನಾಡಿ ಓಡುತ್ತಿದೆ, ಹೊಟ್ಟೆ ಉಬ್ಬಿದೆ, ನಾಲಿಗೆ ಒಣಗಿದೆ. ಸಾಯುವುದಕ್ಕೆ ಕೆಲವೇ ಗಂಟೆಗಳು ಉಳಿದಿವೆ. ಆದರೂ ತನಗೇನೂ ಆಗಿಲ್ಲ, ಚೆನ್ನಾಗಿದ್ದೇನೆ ಎಂದೇ ಹೇಳುತ್ತಿದ್ದರಂತೆ. ವೈದ್ಯರ ಚಿಕಿತ್ಸೆ ಶುರುವಾಯಿತೆಂದರೆ ಸಾವು ಹತ್ತಿರ ಬಂದಿತೆಂದು ಅವರು ತಿಳಿದಿದ್ದರು. ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ದುಃಖದ ಸಂಗತಿ ಎನಿಸುವುದು ಇದೇ. ಎಷ್ಟೋ ಆಸ್ಪತ್ರೆಗಳಲ್ಲಿ ರೋಗಿಯೊಂದಿಗೆ ಮಾತನಾಡುವವರು ಇರುವುದಿಲ್ಲ. ನಮ್ಮ ಶಾಲೆಯ ಮಕ್ಕಳ ತಾಯಂದಿರು ಡಿಸ್ಚಾರ್ಜ್ ಚೀಟಿ ತಂದು, ಇದರಲ್ಲಿ ಏನು ಬರೆದಿದ್ದಾರೆ ಮಾಸ್ಟರೇ ಎಂದು ಕೇಳುವುದುಂಟು. ಅಷ್ಟು ದಿನ ಒಳಗಿದ್ದು ಬಂದವರಿಗೆ ತಮಗೆ ಏನಾಗಿತ್ತೆಂದೇ ಗೊತ್ತಿರುವುದಿಲ್ಲ. ವಿಯೆನ್ನಾದ ಆ ವಾರ್ಡಿನಲ್ಲಿ ಮಾತು ಇಲ್ಲದ್ದಷ್ಟೇ ಅಲ್ಲ, ನಂಬಿಕೆಯೂ ಸತ್ತುಹೋಗಿತ್ತು.

ಆಸ್ಪತ್ರೆಯವರು ಕೊಟ್ಟ ಕಾರಣಗಳನ್ನು ನೋಡಿ. ಗಾಳಿಯಲ್ಲಿರುವ ವಿಷ ಎಂದರು. ಆದರೆ ಎರಡೂ ವಿಭಾಗಗಳಿಗೆ ಗಾಳಿ ಒಂದೇ. ಜನ ಹೆಚ್ಚಾಗಿದ್ದಾರೆ ಎಂದರು. ಹೆಂಗಸರು ಭಯಪಟ್ಟು ಬರುವ ಎರಡನೆಯ ವಿಭಾಗದಲ್ಲೇ ನೂಕುನುಗ್ಗಲು ಜಾಸ್ತಿಯಿತ್ತು. ಹೆಂಗಸರ ಹೆದರಿಕೆಯೇ ಕಾಯಿಲೆಗೆ ಕಾರಣ ಎಂದೂ ಹೇಳಿದರು. ಸತ್ತವರ ಮೇಲೇ ತಪ್ಪು ಹೊರಿಸುವುದು ಎಲ್ಲ ಕಾಲಕ್ಕೂ ಸುಲಭವೆಂದು ಕಾಣುತ್ತದೆ. ಹೆದರಿಕೆಯಿಂದ ಸಾವು ಎನ್ನುವುದಾದರೆ, ಆ ಹೆದರಿಕೆ ಶುರುವಾದದ್ದು ಹೇಗೆ? ಮೊದಲು ಸಾವುಗಳಾದವು, ಆಮೇಲೆ ಭಯ ಬಂತು ಎಂದು ಸೆಮ್ಮೆಲ್‌ವೈಸ್ ವಾದಿಸಿದರು.

ಆದರೂ ಭಯದ ಮಾತನ್ನು ಅವರು ತಳ್ಳಿಹಾಕದೆ ಪರೀಕ್ಷಿಸಿ ನೋಡಿದರು. ಸಾಯುತ್ತಿರುವವರಿಗೆ ಕೊನೆಯ ಪ್ರಾರ್ಥನೆ ಹೇಳಲು ಪಾದ್ರಿ ಬರುವಾಗ, ಮೊದಲನೆಯ ವಿಭಾಗದಲ್ಲಿ ಐದು ವಾರ್ಡುಗಳನ್ನು ದಾಟಿ ಹೋಗಬೇಕಿತ್ತು. ಮುಂದೆ ಒಬ್ಬ ಸೇವಕ ಗಂಟೆ ಬಾರಿಸುತ್ತಾ ನಡೆಯುತ್ತಿದ್ದ. ಮಲಗಿದ್ದ ಪ್ರತಿ ಬಾಣಂತಿಗೂ ಆ ಗಂಟೆ ಕೇಳಿಸುತ್ತಿತ್ತು. ದಿನಕ್ಕೆ ಹಲವು ಬಾರಿ ಕೇಳಿದ್ದೂ ಉಂಟು. ಗಂಟೆ ಕೇಳಿದರೆ ತಮಗೇ ಎದೆ ನಡುಗುತ್ತಿತ್ತೆಂದು ಸೆಮ್ಮೆಲ್‌ವೈಸ್ ಒಪ್ಪಿಕೊಂಡಿದ್ದಾರೆ. ಗಂಟೆಯಿಲ್ಲದೆ, ಸುತ್ತಿನ ದಾರಿಯಲ್ಲಿ ಸದ್ದಿಲ್ಲದೆ ಬರುವಂತೆ ಅವರು ಪಾದ್ರಿಯನ್ನು ವಿನಂತಿಸಿದರು. ಪಾದ್ರಿ ಒಪ್ಪಿದರು. ಸಾವು ಮಾತ್ರ ಕಡಿಮೆಯಾಗಲಿಲ್ಲ.

1847ರ ಮಾರ್ಚ್‌ನಲ್ಲಿ ವೆನಿಸ್ ಪ್ರವಾಸ ಮುಗಿಸಿ ಬಂದಾಗ ಆಘಾತದ ಸುದ್ದಿ ಕಾದಿತ್ತು. ಸ್ನೇಹಿತರಾದ ಪ್ರೊಫೆಸರ್ ಯಾಕೋಬ್ ಕೊಲ್ಲೆಚ್ಕಾ ತೀರಿಕೊಂಡಿದ್ದರು. ಶವಪರೀಕ್ಷೆಯ ಸಮಯದಲ್ಲಿ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಾಗಿತ್ತು. ಅವರ ದೇಹದೊಳಗೆ ಕಂಡ ಬದಲಾವಣೆಗಳ ವರದಿಯನ್ನು ಓದಿದಾಗ ಸೆಮ್ಮೆಲ್‌ವೈಸ್‌ಗೆ ಹೊಳೆಯಿತು. ಇವು ಬಾಣಂತಿ ಜ್ವರದಲ್ಲಿ ಸತ್ತವರಲ್ಲಿ ತಾವು ದಿನವೂ ಕಾಣುತ್ತಿದ್ದ ಬದಲಾವಣೆಗಳೇ. ವೈದ್ಯರೂ ವಿದ್ಯಾರ್ಥಿಗಳೂ ಬೆಳಿಗ್ಗೆ ಶವ ಕೊಯ್ದು, ಅದೇ ಕೈಗಳಿಂದ ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಎರಡು ವಿಭಾಗಗಳ ನಡುವಿನ ವ್ಯತ್ಯಾಸ ಇಷ್ಟೇ. ಕಾರಣ ಹುಡುಕಲೆಂದು ಎಲ್ಲರಿಗಿಂತ ಹೆಚ್ಚು ಶವಪರೀಕ್ಷೆ ಮಾಡಿದ ತಾವೂ ಎಷ್ಟು ಜನರ ಸಾವಿಗೆ ಕಾರಣರಾದೆವೋ ಎಂಬ ಕೊರಗು ಅವರನ್ನು ಕೊನೆಯವರೆಗೆ ಬಿಡಲಿಲ್ಲ.

ದಿನಕ್ಕೆ ಐದು ಬಾರಿ ವುಝೂ ಮಾಡುವ ಮನೆಗಳ ಮಕ್ಕಳಿಗೆ, ಕೈ ತೊಳೆದರಾಯಿತು, ಇದರಲ್ಲಿ ಏನು ವಿಶೇಷ ಎನಿಸಬಹುದು. ಆ ವೈದ್ಯರೂ ಸಾಬೂನಿನಿಂದ ಕೈ ತೊಳೆಯುತ್ತಿದ್ದರು. ಆದರೆ ತೊಳೆದ ಮೇಲೂ ಕೈಯಲ್ಲಿ ಶವದ ವಾಸನೆ ಉಳಿಯುತ್ತಿತ್ತು. ವಾಸನೆ ಇದೆಯೆಂದರೆ ಶವದ ಅಂಶವೂ ಇದೆ ಎಂದು ಸೆಮ್ಮೆಲ್‌ವೈಸ್ ತರ್ಕಿಸಿದರು. ರೋಗಾಣುಗಳ ಬಗ್ಗೆ ಇನ್ನೂ ತಿಳಿಯದಿದ್ದ ಕಾಲವದು. 1847ರ ಮೇ ತಿಂಗಳ ಮಧ್ಯದಿಂದ ಕ್ಲೋರಿನ್ ನೀರಿನಲ್ಲಿ, ಅದು ದುಬಾರಿಯಾದ್ದರಿಂದ ನಂತರ ಬ್ಲೀಚಿಂಗ್ ಪುಡಿಯ ನೀರಿನಲ್ಲಿ, ಕೈ ತೊಳೆದೇ ವಾರ್ಡಿಗೆ ಬರಬೇಕೆಂದು ಕಟ್ಟುನಿಟ್ಟು ಮಾಡಿದರು. ಏಪ್ರಿಲ್‌ನಲ್ಲಿ 312 ಹೆರಿಗೆಗಳಿಗೆ 57 ಸಾವುಗಳಾಗಿದ್ದವು. ಜೂನ್‌ನಲ್ಲಿ 268ಕ್ಕೆ 6, ಜುಲೈನಲ್ಲಿ 250ಕ್ಕೆ 3. ಅಕ್ಟೋಬರ್‌ನಲ್ಲಿ ಮತ್ತೆ ಒಂದು ಪೆಟ್ಟು ಬಿತ್ತು. ಗರ್ಭಕೋಶದ ಕ್ಯಾನ್ಸರ್ ಇದ್ದ ಹೆಂಗಸೊಬ್ಬರನ್ನು ಮೊದಲ ಮಂಚದಲ್ಲಿ ಮಲಗಿಸಿದ್ದರು. ಅವರನ್ನು ಪರೀಕ್ಷಿಸಿದ ಮೇಲೆ ಬರೀ ಸಾಬೂನಿನಲ್ಲಿ ಕೈ ತೊಳೆದು ಮುಂದಿನವರನ್ನು ಪರೀಕ್ಷಿಸಲಾಯಿತು. ಅವರೊಂದಿಗೆ ಹೆತ್ತ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ತೀರಿಕೊಂಡರು. ಶವದಿಂದ ಮಾತ್ರವಲ್ಲ, ಬದುಕಿರುವವರ ಗಾಯದಿಂದಲೂ ಕಾಯಿಲೆ ಸಾಗುತ್ತದೆಂದು ಆಗ ತಿಳಿಯಿತು. ಅಂದಿನಿಂದ ಪ್ರತಿ ರೋಗಿಯ ನಂತರವೂ ಬ್ಲೀಚಿಂಗ್ ನೀರಿನಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. 1848ರಲ್ಲಿ ಇಡೀ ವರ್ಷ 3556 ಹೆರಿಗೆಗಳಿಗೆ 45 ಸಾವು. ಎರಡು ತಿಂಗಳಂತೂ ಒಂದು ಸಾವೂ ಇಲ್ಲ.

ಇಷ್ಟಾದ ಮೇಲೂ ಅವರಿಗೆ ಮನ್ನಣೆ ಸಿಗಲಿಲ್ಲ. ವೈದ್ಯನ ಕೈ ರೋಗಿಯನ್ನು ಕೊಲ್ಲುತ್ತದೆ ಎಂಬ ಮಾತನ್ನು ಒಪ್ಪಿಕೊಳ್ಳುವುದು ಆ ಕಾಲದ ಪ್ರೊಫೆಸರುಗಳಿಗೆ ಸಾಧ್ಯವಾಗಲಿಲ್ಲ. ಒಪ್ಪಿದ ಒಬ್ಬ ಜರ್ಮನ್ ವೈದ್ಯ, ಕೀಲ್ ನಗರದ ಮಿಖಾಯೆಲಿಸ್, ತನ್ನ ಕೈಯಿಂದಲೇ ಹತ್ತಿರದ ಬಂಧುವೊಬ್ಬರಿಗೆ ಕಾಯಿಲೆ ತಗುಲಿತೆಂಬ ದುಃಖದಲ್ಲಿ 1848ರಲ್ಲಿ ಪ್ರಾಣ ಕಳೆದುಕೊಂಡರು. 1849ರಲ್ಲಿ ಸೆಮ್ಮೆಲ್‌ವೈಸ್‌ರ ಅವಧಿ ಮುಗಿದಾಗ ಕ್ಲೈನ್ ಅದನ್ನು ಮುಂದುವರಿಸಲಿಲ್ಲ. ಇದರಲ್ಲಿ ಸೆಮ್ಮೆಲ್‌ವೈಸ್‌ರ ಪಾಲೂ ಇದೆಯೆಂದು ಹೇಳಲೇಬೇಕು. ಅವರು ತಮ್ಮ ಶೋಧನೆಯನ್ನು ಬರೆದು ಪ್ರಕಟಿಸಲಿಲ್ಲ, ಸ್ನೇಹಿತರೇ ಅವರ ಪರವಾಗಿ ಬರೆದರು. ಅವರ ಮನೆಮಾತು ಬುಡಾದ ಆಡುಮಾತಿನ ಜರ್ಮನ್. ವಿಯೆನ್ನಾದ ವಿದ್ವಾಂಸರ ಮುಂದೆ ಬರೆಯಲು, ಮಾತನಾಡಲು ಅವರು ಹಿಂಜರಿಯುತ್ತಿದ್ದರು. ಮನೆಯಲ್ಲಿ ಒಂದು ಭಾಷೆ, ಕಾಲೇಜಿನಲ್ಲಿ ಇನ್ನೊಂದು ಭಾಷೆ ಇರುವ ನಮ್ಮ ವಿದ್ಯಾರ್ಥಿಗಳಿಗೆ ಈ ಸಂಕೋಚ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಆ ಮೌನಕ್ಕೆ ಬೆಲೆ ತೆತ್ತವರು ಯೂರೋಪಿನ ಇತರ ಆಸ್ಪತ್ರೆಗಳ ಬಾಣಂತಿಯರು.

1850ರಲ್ಲಿ ಸ್ನೇಹಿತರಿಗೂ ಹೇಳದೆ ಅವರು ವಿಯೆನ್ನಾ ಬಿಟ್ಟು ಪೆಸ್ಟ್‌ಗೆ ಹೊರಟುಹೋದರು. ಅಲ್ಲಿನ ಸೇಂಟ್ ರೋಕಸ್ ಆಸ್ಪತ್ರೆಯಲ್ಲಿ ಆರು ವರ್ಷಗಳಲ್ಲಿ 933 ಹೆರಿಗೆಗಳಿಗೆ ಬಾಣಂತಿ ಜ್ವರದಿಂದ ಸತ್ತವರು 8 ಮಂದಿ ಮಾತ್ರ. 1855ರಲ್ಲಿ ಪ್ರೊಫೆಸರ್ ಆದರು, 1857ರಲ್ಲಿ ಮರಿಯಾ ಎಂಬುವರೊಂದಿಗೆ ವಿವಾಹವಾಯಿತು. ಶೋಧನೆಯ ಬಗ್ಗೆ ದೊಡ್ಡ ಗ್ರಂಥ ಹೊರಬಂದದ್ದು 1861ರಲ್ಲಿ, ಅಂದರೆ ಹದಿನಾಲ್ಕು ವರ್ಷ ತಡವಾಗಿ. ಅದನ್ನು ಟೀಕಿಸಿದವರಿಗೆ ಬಹಿರಂಗ ಪತ್ರಗಳನ್ನು ಬರೆದು, ಅವರನ್ನು ಕೊಲೆಗಾರರೆಂದೇ ಕರೆದರು. ಮೊದಲು ಮೌನ, ನಂತರ ಕೋಪ. ನಡುವೆ ಇರಬೇಕಾಗಿದ್ದ ಸಮಾಧಾನದ ಮಾತು ಅವರಿಗೆ ಕೊನೆಗೂ ಒಲಿಯಲಿಲ್ಲ.

1865ರ ಹೊತ್ತಿಗೆ ಅವರ ವರ್ತನೆ ಬಹಳ ಬದಲಾಗಿ ಮನೆಯವರು ಗಾಬರಿಯಾದರು. ಜುಲೈ ಕೊನೆಯಲ್ಲಿ ಅವರನ್ನು ವಿಯೆನ್ನಾಕ್ಕೆ ಕರೆತಂದರು. ಹಳೆಯ ಸ್ನೇಹಿತ ಡಾ. ಹೆಬ್ರಾ, ತನ್ನ ಹೊಸ ಆಸ್ಪತ್ರೆಯನ್ನು ತೋರಿಸುವ ನೆಪದಲ್ಲಿ ಅವರನ್ನು ಮಾನಸಿಕ ರೋಗಿಗಳ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಿಟ್ಟರು. ನಿಜ ಗೊತ್ತಾಗಿ ಹೊರಬರಲು ಯತ್ನಿಸಿದಾಗ ಕಾವಲುಗಾರರು ಹಿಡಿದು ಥಳಿಸಿದರು. ಕೈಕಾಲು ಆಡದಂತೆ ಬಿಗಿಯುವ ಅಂಗಿ ತೊಡಿಸಿ ಕತ್ತಲ ಕೋಣೆಯಲ್ಲಿ ಕೂಡಿಹಾಕಿದರು. ಮರುದಿನ ನೋಡಲು ಬಂದ ಪತ್ನಿಯನ್ನು ಒಳಗೆ ಬಿಡಲಿಲ್ಲ. ಎರಡು ವಾರಗಳಲ್ಲಿ, 1865ರ ಆಗಸ್ಟ್ 13ರಂದು, ತಮ್ಮ 47ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಗಾಯ ಕೊಳೆತು ನಂಜು ರಕ್ತಕ್ಕೆ ಏರಿತ್ತು. ಅವರು ಜೀವಮಾನವೆಲ್ಲ ಹೋರಾಡಿದ್ದು ಇಂಥದೇ ನಂಜಿನ ವಿರುದ್ಧ.

ಅಂತ್ಯಕ್ರಿಯೆಗೆ ಬಂದವರು ಕೆಲವೇ ಜನ. ಎರಡು ವರ್ಷಗಳ ನಂತರ, 1867ರಲ್ಲಿ, ಜೋಸೆಫ್ ಲಿಸ್ಟರ್ ಶಸ್ತ್ರಚಿಕಿತ್ಸೆಯ ಗಾಯಗಳನ್ನು ಕಾರ್ಬಾಲಿಕ್ ಆಮ್ಲದಿಂದ ಶುದ್ಧಗೊಳಿಸುವ ವಿಧಾನವನ್ನು ಪ್ರಕಟಿಸಿದರು. 1879ರಲ್ಲಿ ಲೂಯಿ ಪಾಶ್ಚರ್ ಬಾಣಂತಿ ಜ್ವರದ ರೋಗಾಣುವನ್ನು ತೋರಿಸಿಕೊಟ್ಟರು. 1964ರಲ್ಲಿ ಸೆಮ್ಮೆಲ್‌ವೈಸ್‌ರ ಅವಶೇಷಗಳನ್ನು ತಬಾನ್‌ನಲ್ಲಿರುವ ಅವರ ಹುಟ್ಟಿದ ಮನೆಗೆ ತರಲಾಯಿತು. ಆ ಮನೆ ಈಗ ವೈದ್ಯಕೀಯ ಚರಿತ್ರೆಯ ವಸ್ತುಸಂಗ್ರಹಾಲಯ, ಬುಡಾಪೆಸ್ಟ್‌ನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೂ ಅವರದೇ ಹೆಸರು. ಆಸ್ಪತ್ರೆಗೆ ಸೇರುವ ಮೊದಲೇ ಯಾವುದೋ ಶಸ್ತ್ರಚಿಕಿತ್ಸೆಯಲ್ಲಿ ಅವರ ಬೆರಳಿಗೆ ಗಾಯವಾಗಿತ್ತು, ಅದರಿಂದಲೇ ಸತ್ತರು ಎಂದು ಲೋಕ ಬಹಳ ಕಾಲ ನಂಬಿತ್ತು. ಅವರನ್ನು ಥಳಿಸಿದ್ದರೆಂಬುದಕ್ಕೆ ಆಧಾರವಾದ ಆಸ್ಪತ್ರೆಯ ಕಾಗದಪತ್ರಗಳು ಬೆಳಕಿಗೆ ಬಂದದ್ದು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಹಿಂದಿರುಗಿದ್ದ ಪತ್ನಿ ಮರಿಯಾ ತೀರಿಕೊಂಡು ಎಷ್ಟೋ ದಶಕಗಳಾಗಿದ್ದವು.